ಆಕಾಶದ ಕಣ್ಣಿಗೆ ಬೀಳುವ ನಮ್ಮ ಕೆರೆಗಳು

ಚಂದ್ರನ ಮೇಲೆ ನಿಂತು ನೋಡಿದರೆ ಮನುಷ್ಯನು ಕಟ್ಟಿದುದರಲ್ಲಿ ಚೀನಾದ ಮಹಾಗೋಡೆಯೊಂದೇ ಕಾಣುತ್ತದೆ ಎಂಬ ಮಾತನ್ನು ನಾವೆಲ್ಲರೂ ಶಾಲೆಯಲ್ಲಿ ಕೇಳಿದವರೇ. ಮನುಷ್ಯನು ಅಂತರಿಕ್ಷಕ್ಕೆ ಹಾರುವ ಎಷ್ಟೋ ವರ್ಷ ಮೊದಲೇ, 1930ರ ದಶಕದಲ್ಲಿಯೇ, ಈ ಮಾತು ಅಚ್ಚಾಗಿತ್ತು. ನೋಡಿಬಂದು ಹೇಳಿದವರು ಯಾರೂ ಇರಲಿಲ್ಲ. 2003ರಲ್ಲಿ ಚೀನಾದ ಮೊದಲ ಗಗನಯಾತ್ರಿ ಯಾಂಗ್ ಲಿವೈ ಭೂಮಿಯನ್ನು ಸುತ್ತಿಬಂದು, ತಮಗೆ ಗೋಡೆ ಕಾಣಿಸಲಿಲ್ಲವೆಂದು ಹೇಳಿದರು.

ಲೆಕ್ಕ ಸುಲಭವಾದುದು. ಬರಿಗಣ್ಣು ತಾನು ನೋಡುವ ದೂರದ ಸುಮಾರು 3,400ರಲ್ಲಿ ಒಂದು ಪಾಲಿಗಿಂತ ಚಿಕ್ಕದಾದುದನ್ನು ಬಿಡಿಸಿ ನೋಡಲಾರದು. 400 ಕಿಲೋಮೀಟರ್ ಎತ್ತರದಿಂದ ನೋಡುವವನಿಗೆ ಕಾಣಬೇಕಾದರೆ ವಸ್ತುವಿನ ಅಗಲ ನೂರು ಮೀಟರಿಗೂ ಮಿಕ್ಕಿರಬೇಕು. 3,84,000 ಕಿಲೋಮೀಟರ್ ದೂರದ ಚಂದ್ರನಿಂದಾದರೆ ನೂರು ಕಿಲೋಮೀಟರಿಗೂ ಮಿಕ್ಕಿರಬೇಕು! ಮಹಾಗೋಡೆಯ ಅಗಲ ಹೆಚ್ಚಿನ ಕಡೆಗಳಲ್ಲಿ ಹತ್ತು ಮೀಟರನ್ನೂ ಮುಟ್ಟುವುದಿಲ್ಲ. ನಮ್ಮ ಚಾರ್‌ಮಿನಾರಿನ ಒಂದೊಂದು ಪಾರ್ಶ್ವ ಸುಮಾರು 20 ಮೀಟರು, ಅದೂ ಕಾಣದು. ಆದರೆ ಹಿಮಾಯತ್‌ನಗರದಿಂದ ನಡೆದೇ ಹೋಗಬಹುದಾದ ಹುಸೇನ್‌ಸಾಗರ ಕಾಣುತ್ತದೆ. ಕುತುಬ್‌ಶಾಹಿ ಅರಸರ ಕಾಲದಲ್ಲಿ ಕಟ್ಟಿಸಿದ ಮಿನಾರು ಮರೆಯಾಗಿ, ಕಟ್ಟಿಸಿದ ಕೆರೆ ಕಣ್ಣಿಗೆ ಬೀಳುವುದು ನಾವು ಯೋಚಿಸಬೇಕಾದ ಸಂಗತಿಯಾಗಿದೆ.

ನಾವು ಬಂದು ನೆಲೆಸಿರುವ ಈ ಭಾಗ್ಯನಗರಕ್ಕೆ ಆಕಾಶದ ಪರಿಚಯ ಹೊಸದಲ್ಲ. 1901ರಲ್ಲಿ ನವಾಬ್ ಜಫರ್ ಜಂಗ್ ಎಂಬ ಶ್ರೀಮಂತರು ಸ್ವಂತ ಹಣದಿಂದ ಇಲ್ಲಿ ವೀಕ್ಷಣಾಲಯವೊಂದನ್ನು ಸ್ಥಾಪಿಸಿದರು. ಅದಕ್ಕಾಗಿ 15 ಅಂಗುಲದ ದೂರದರ್ಶಕವನ್ನು ತರಿಸಿದರು. ಅವರು ತೀರಿಕೊಂಡ ಮೇಲೆ, 1908ರಲ್ಲಿ, ಅದು ನಿಜಾಮ್ ಸರಕಾರದ ಕೈಸೇರಿ ಬೇಗಂಪೇಟೆಯಲ್ಲಿ ನೆಲೆಗೊಂಡಿತು. ಇಡೀ ಆಕಾಶದ ಛಾಯಾಚಿತ್ರ ತೆಗೆದು ನಕ್ಷತ್ರಗಳ ಪಟ್ಟಿ ಮಾಡುವ ಮಹಾಕಾರ್ಯವೊಂದು 1887ರಲ್ಲಿ ಪ್ಯಾರಿಸ್ಸಿನಲ್ಲಿ ನಿಶ್ಚಯವಾಗಿತ್ತು. ಅದರಲ್ಲಿ ಚಿಲಿ ದೇಶದ ಸಾಂಟಿಯಾಗೊ ವೀಕ್ಷಣಾಲಯಕ್ಕೆ ವಹಿಸಿದ್ದ ಭಾಗವು ಮುಂದುವರಿಯದಿರಲು, ನಿಜಾಮಿಯಾ ವೀಕ್ಷಣಾಲಯವು ಅದನ್ನು ಹೊತ್ತುಕೊಂಡಿತು. ಚ್ಯಾಟ್‌ವುಡ್, ಪೋಕಾಕ್, ಟಿ. ಪಿ. ಭಾಸ್ಕರನ್ ಇವರ ಮೇಲ್ವಿಚಾರಣೆಯಲ್ಲಿ ಏಳೂವರೆ ಲಕ್ಷಕ್ಕೂ ಹೆಚ್ಚು ನಕ್ಷತ್ರಗಳ ಸ್ಥಾನಗಳು ಗಾಜಿನ ಫಲಕಗಳಿಂದ ಅಳೆಯಲ್ಪಟ್ಟು ಅಚ್ಚಾದವು.

ಅದೇ 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹರಿದು ಸಹಸ್ರಾರು ಜನ ಪ್ರಾಣ ಕಳೆದುಕೊಂಡರು. ಮತ್ತೆ ಹೀಗಾಗದಂತೆ ಏನು ಮಾಡಬೇಕೆಂದು ಕೇಳಲು ನಿಜಾಮ್ ಸರಕಾರ ಕರೆಸಿದ್ದು ನಮ್ಮವರೇ ಆದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ಆಗ ಅವರು ಮುಂಬಯಿ ಸರಕಾರದ ಕೆಲಸ ಬಿಟ್ಟು ವಿದೇಶ ಪ್ರವಾಸದಲ್ಲಿದ್ದರು. 1909ರಲ್ಲಿ ಇಲ್ಲಿಗೆ ಬಂದ ಅವರು ಮೊದಲು ಲೆಕ್ಕ ಹಾಕಿದ್ದು ಕೆರೆಗಳನ್ನು. ನಗರದಿಂದ ಮೇಲಕ್ಕೆ ಮೂಸಿಯ ಜಲಾನಯನ ಪ್ರದೇಶದಲ್ಲಿ 788 ಕೆರೆಗಳಿದ್ದವು. ಆ ಮಳೆಯಲ್ಲಿ 221 ಕೆರೆಗಳ ಕಟ್ಟೆ ಒಡೆದಿತ್ತು. ಮೇಲಿನ ಕೆರೆ ಒಡೆದು ಕೆಳಗಿನದರ ಮೇಲೆ ಬಿದ್ದು, ಎಲ್ಲ ನೀರೂ ಒಮ್ಮೆಗೇ ಊರಿಗೆ ನುಗ್ಗಿತ್ತು. ನಗರದ ಮೇಲ್ಭಾಗದಲ್ಲಿ ಮೂಸಿಗೊಂದು, ಈಸಿಗೊಂದು ಜಲಾಶಯ ಕಟ್ಟಿ ನೆರೆಯನ್ನು ತಡೆಯಬೇಕೆಂದು ಅವರು ಸಲಹೆ ಕೊಟ್ಟರು. ಆ ಸಲಹೆಯ ಫಲವೇ ಗಂಡಿಪೇಟೆಯ ಉಸ್ಮಾನ್‌ಸಾಗರ (1920) ಮತ್ತು ಹಿಮಾಯತ್‌ಸಾಗರ (1927). ಇಂದು ಉಪಗ್ರಹದ ಯಾವ ಚಿತ್ರದಲ್ಲಿಯೇ ಆಗಲಿ, ಹೈದರಾಬಾದಿನ ಪಶ್ಚಿಮಕ್ಕೆ ಕಣ್ಣಿಟ್ಟಂತೆ ತೋರುವ ಎರಡು ಮಡುಗಳು ಇವೇ.

ಮೇಲೆ ನೋಡುತ್ತಿದ್ದ ಊರು ಮೇಲಿನಿಂದ ಕೆಳಗೆ ನೋಡಲು ಕಲಿತದ್ದು 1970ರ ದಶಕದಲ್ಲಿ. 1974ರಲ್ಲಿ ರಾಷ್ಟ್ರೀಯ ದೂರಸಂವೇದಿ ಸಂಸ್ಥೆ ಇಲ್ಲಿ ಆರಂಭವಾಯಿತು. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹ ಕಳುಹಿಸುವ ಚಿತ್ರಗಳನ್ನು ಹಿಡಿಯಲು ಶಾದ್‌ನಗರದಲ್ಲಿ ಕೇಂದ್ರವೊಂದು ಎದ್ದಿತು. ನಮ್ಮ ನೆರೆಯ ನಿಜಾಮ್ ಕಾಲೇಜಿನಲ್ಲಿ ಓದಿದ ರಾಕೇಶ್ ಶರ್ಮಾ 1984ರ ಏಪ್ರಿಲ್‌ನಲ್ಲಿ ಸಲ್ಯೂತ್-7 ನಿಲ್ದಾಣಕ್ಕೆ ಹೋಗಿ ಭಾರತದ ನೆಲದ ಚಿತ್ರಗಳನ್ನು ತೆಗೆದರು. 1988ರ ಮಾರ್ಚ್ 17ರಂದು ಬೆಂಗಳೂರಿನಲ್ಲಿ ಸಿದ್ಧವಾದ ಐ.ಆರ್.ಎಸ್.-1ಎ ಹಾರಿತು. ಆಗ ಇಸ್ರೋದ ಅಧ್ಯಕ್ಷರಾಗಿದ್ದವರು ಉಡುಪಿಯ ಬಳಿಯ ಅದಮಾರಿನ ಯು. ಆರ್. ರಾವ್. ಆ ಉಪಗ್ರಹಕ್ಕೆ 36 ಮೀಟರಿಗಿಂತ ಚಿಕ್ಕದಾದುದು ಬಿಡಿಯಾಗಿ ತೋರುತ್ತಿರಲಿಲ್ಲ. 2019ರ ಕಾರ್ಟೋಸ್ಯಾಟ್-3 ಒಂದು ಅಡಿಯ ಅಂತರವನ್ನೂ ಗುರುತಿಸಬಲ್ಲುದು. ಮನುಷ್ಯನ ಕಣ್ಣಿಗೆ ಕಾಣದ ಚಾರ್‌ಮಿನಾರ್ ಯಂತ್ರದ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ.

ಈ ಕಣ್ಣಿನ ಉಪಯೋಗ ಬರಿಯ ನೋಟವಲ್ಲ. ನಮ್ಮ ಕಣ್ಣಿಗೆ ನಿಲುಕದ ಅವಕೆಂಪು ಬೆಳಕನ್ನು ನೀರು ಬಹುಮಟ್ಟಿಗೆ ಹೀರಿಕೊಳ್ಳುತ್ತದೆ. ಹಸಿರು ಗಿಡಗಳು ಹಿಂದಕ್ಕೆ ಕಳುಹಿಸುತ್ತವೆ. ಆದ್ದರಿಂದ ಆ ಬೆಳಕಿನ ಚಿತ್ರದಲ್ಲಿ ಕೆರೆಯ ಅಂಚು ಕಾಡಿಗೆ ತೀಡಿದಂತೆ ಸ್ಪಷ್ಟವಾಗಿರುತ್ತದೆ. ಜಲಾಶಯದ ಮಟ್ಟ ಇಳಿಯುತ್ತ ಹೋದಂತೆ ಬೇರೆ ಬೇರೆ ದಿನಗಳ ಚಿತ್ರಗಳಿಂದ ನೀರು ಹರಡಿರುವ ವಿಸ್ತಾರವನ್ನು ಅಳೆಯುತ್ತಾರೆ. ಕಟ್ಟಿದಾಗಿನ ಲೆಕ್ಕದೊಡನೆ ಅದನ್ನು ಹೋಲಿಸಿದರೆ ಎಷ್ಟು ಹೂಳು ತುಂಬಿದೆಯೆಂದು ತಿಳಿಯುತ್ತದೆ. ಮದರಾಸು ಮತ್ತು ಹೈದರಾಬಾದು ಸರಕಾರಗಳು 1945ರಲ್ಲಿ ಕೂಡಿ ಕೈಗೊಂಡ ತುಂಗಭದ್ರಾ ಜಲಾಶಯವನ್ನೇ ನೋಡಿರಿ. ರಾಯಚೂರು, ಕೊಪ್ಪಳ, ಬಳ್ಳಾರಿಯಿಂದ ಬಂದ ನಮ್ಮ ಕುಟುಂಬಗಳಿಗೆ ಅದು ತವರಿನ ನೀರು. ಸುಮಾರು 378 ಚದರ ಕಿಲೋಮೀಟರ್ ಹರಡುವ ಅದು ಗಗನಯಾತ್ರಿಯ ಕಣ್ಣಿಗೆ ಸಲೀಸಾಗಿ ಬೀಳುತ್ತದೆ. ಮೊದಲು 133 ಟಿ.ಎಂ.ಸಿ. ಹಿಡಿಯುತ್ತಿದ್ದ ಜಲಾಶಯ ಈಚಿನ ಅಳತೆಗಳಂತೆ ಸುಮಾರು 106 ಟಿ.ಎಂ.ಸಿ. ಮಾತ್ರ ಹಿಡಿಯುತ್ತದೆ. 2024ರ ಆಗಸ್ಟ್‌ನಲ್ಲಿ ಅದರ 19ನೆಯ ಗೇಟು ಕೊಚ್ಚಿಹೋದಾಗ ಆದ ಗಾಬರಿ ಎಲ್ಲರಿಗೂ ನೆನಪಿದೆ. ಗೇಟು ಒಡೆದದ್ದು ಒಂದು ರಾತ್ರಿಯಲ್ಲಿ ತಿಳಿಯಿತು; ಹೂಳು ತುಂಬಿದ್ದು ಎಪ್ಪತ್ತು ವರ್ಷಗಳಲ್ಲಿ, ಸದ್ದಿಲ್ಲದೆ.

ಸಣ್ಣ ಕೆರೆಗಳ ಕಥೆ ಇನ್ನೂ ಕಷ್ಟದ್ದು. ಬೆಂಗಳೂರಿನ ಧರ್ಮಾಂಬುಧಿ ಕೆರೆಯ ಮೇಲೆ ಇಂದು ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯ ಜಾಗದಲ್ಲಿ ಕ್ರೀಡಾಂಗಣವಿದೆ. ಇಲ್ಲಿ ಮಾಸಬ್ ಟ್ಯಾಂಕ್ ಎಂಬಲ್ಲಿ ಹೆಸರು ಉಳಿದಿದೆ, ಟ್ಯಾಂಕ್ ಉಳಿದಿಲ್ಲ. ಅವಳಿ ಸಾಗರಗಳ ಸುತ್ತ ಹತ್ತು ಕಿಲೋಮೀಟರಿನಲ್ಲಿ ದೊಡ್ಡ ಕಟ್ಟಡಗಳು ಏಳಬಾರದೆಂದು 1996ರಲ್ಲಿ ಹೊರಟ 111ನೆಯ ಆದೇಶವನ್ನು ಸಡಿಲಿಸಲು 2022ರಲ್ಲಿ ಸರಕಾರ ಮುಂದಾಯಿತು. 2020ರ ಅಕ್ಟೋಬರ್‌ನಲ್ಲಿ ಒಂದೇ ದಿನದ ಮಳೆಗೆ ನಗರದ ಕೆರೆಕಟ್ಟೆಗಳು ಒಡೆದು ಬಡಾವಣೆಗಳು ಮುಳುಗಿದವು. ವಿಶ್ವೇಶ್ವರಯ್ಯನವರು 1909ರಲ್ಲಿ ಬರೆದಿಟ್ಟ ಪಾಠವನ್ನೇ ಮಳೆ ಮತ್ತೆ ಓದಿಸಿತು. ಕಾಗದದ ಮೇಲಿನ ಗಡಿಯನ್ನು ತಿದ್ದಬಹುದು; ಉಪಗ್ರಹವು ತೆಗೆದಿಟ್ಟ ಹಳೆಯ ಚಿತ್ರವನ್ನು ತಿದ್ದಲಾಗದು. ಕೆರೆ ಎಲ್ಲಿಯವರೆಗೆ ಇತ್ತು ಎಂಬುದಕ್ಕೆ ಅದು ಸಾಕ್ಷಿ ನುಡಿಯುತ್ತದೆ.

ಮಕ್ಕಳಿಗೆ ಇದನ್ನು ತೋರಿಸಿಕೊಡುವುದು ಕಷ್ಟವಲ್ಲ. ಭೂಮಿಯನ್ನು ಸುಮಾರು ಒಂದೂವರೆ ಗಂಟೆಗೊಮ್ಮೆ ಸುತ್ತುವ ಅಂತರರಾಷ್ಟ್ರೀಯ ನಿಲ್ದಾಣವು ಕೆಲವು ದಿನ ಮುಸ್ಸಂಜೆಯಲ್ಲಿ ಅಥವಾ ನಸುಕಿನಲ್ಲಿ ಮಾಳಿಗೆಯ ಮೇಲಿನಿಂದ ಕಾಣುತ್ತದೆ. ಆ ಹೊತ್ತಿಗೆ ನಮ್ಮಲ್ಲಿ ಕತ್ತಲೆ, ಅಲ್ಲಿ ಇನ್ನೂ ಬಿಸಿಲು. ಆದ್ದರಿಂದ ಅದು ಮಿನುಗದೆ ಹೊಳೆಯುತ್ತ ಸಾಗುತ್ತದೆ. ಅದನ್ನು ತೋರಿಸುವಾಗ, ಅಲ್ಲಿರುವವರಿಗೆ ಹಗಲಿನಲ್ಲಿ ನಮ್ಮ ಊರಿನ ಗುರುತು ಯಾವುದೆಂದು ಕೇಳಿರಿ. ಕೆರೆ ಎಂಬ ಉತ್ತರವನ್ನು ಅವರ ಮಕ್ಕಳೂ ಕೊಡುವಂತಾಗಲೆಂದು ನಾವು ಹಾರೈಸುತ್ತೇವೆ.