ಥಿಸಲ್ ಫಾರ್ಮ್ಸ್

ಅಮೆರಿಕ ಸಂಯುಕ್ತ ಸಂಸ್ಥಾನದ ಟೆನೆಸಿ ರಾಜ್ಯಕ್ಕೆ ಸೇರಿದ ನ್ಯಾಶ್‌ವಿಲ್ ನಗರದಲ್ಲಿ, ಮಾನವ ಕಳ್ಳಸಾಗಣೆ, ವೇಶ್ಯಾವೃತ್ತಿ ಹಾಗೂ ಮಾದಕ ವ್ಯಸನಗಳಿಂದ ಜರ್ಜರಿತರಾದ ಸ್ತ್ರೀಯರು ತಮ್ಮ ಬಾಳನ್ನು ಮರಳಿ ಕಟ್ಟಿಕೊಳ್ಳಲು ನೆರವಾಗುತ್ತಿರುವ ಸಂಸ್ಥೆ. ಎಪಿಸ್ಕೋಪಲ್ ಪಂಥದ ಪಾದ್ರಿಯಾದ ಬೆಕಾ ಸ್ಟೀವನ್ಸ್ ಎಂಬ ಮಹಿಳೆ 1997ರಲ್ಲಿ ಐವರು ಸ್ತ್ರೀಯರಿಗಾಗಿ ಮ್ಯಾಗ್ಡಲೀನ್ ಎಂಬ ಹೆಸರಿನಿಂದ ತೆರೆದ ಆಶ್ರಯಗೃಹವೇ ಇದರ ಮೂಲ. ಇಲ್ಲಿಗೆ ಬಂದವರು ಎರಡು ವರ್ಷಗಳ ಪರ್ಯಂತ ಬಾಡಿಗೆಯನ್ನಾಗಲಿ ಶುಲ್ಕವನ್ನಾಗಲಿ ತೆರದೆ, ಚಿಕಿತ್ಸೆ, ಆಪ್ತಸಮಾಲೋಚನೆ, ಉದ್ಯೋಗಶಿಕ್ಷಣ ಇವುಗಳನ್ನು ಪಡೆಯುತ್ತ, ಮನೆಯೊಳಗೆ ನೆಲೆಸಿದ ಮೇಲ್ವಿಚಾರಕರ ಕಾವಲಿಲ್ಲದೆ, ಹೊಣೆಯನ್ನೆಲ್ಲ ತಮ್ಮತಮ್ಮೊಳಗೇ ಹಂಚಿಕೊಂಡು ಬಾಳುವರು. ಪರರ ಅಂಕೆಯಲ್ಲಿಯೇ ಬಹುಕಾಲ ನವೆದವರಿಗೆ ಈ ವಿಶ್ವಾಸವೇ ಪ್ರಥಮ ಔಷಧವೆನ್ನಬೇಕು.

ಸ್ತ್ರೀಯೊಬ್ಬಳು ವ್ಯಸನಮುಕ್ತಳಾದ ಮೇಲೂ, ಪೂರ್ವದ ಶಿಕ್ಷೆಯ ದಾಖಲೆಯನ್ನು ಕಂಡು ಯಾರೊಬ್ಬರೂ ಕೆಲಸ ಕೊಡದೆ ಹೋದಲ್ಲಿ, ಅನ್ನಕ್ಕಾಗಿ ಆಕೆ ಪುನಃ ಬೀದಿಗೇ ಮರಳಬೇಕಾದೀತೆಂಬುದು ಇಂಥ ಸೇವೆಯಲ್ಲಿ ತೊಡಗಿದವರೆಲ್ಲರ ಆತಂಕ. ಅದರ ಪರಿಹಾರಾರ್ಥವಾಗಿ 2001ರಲ್ಲಿ ಮೇಣದಬತ್ತಿ, ಲೇಪನದ್ರವ್ಯ, ಸುಗಂಧತೈಲಾದಿಗಳ ತಯಾರಿಕೆ ಆರಂಭವಾಗಿ, ನಿವಾಸಿನಿಯರಿಗೂ ಅಲ್ಲಿಂದ ಹೊರಬಂದವರಿಗೂ ವೇತನ ಸಹಿತವಾದ ಉದ್ಯೋಗ ದೊರೆಯಿತು. ಆಶ್ರಯವನ್ನು ಉದ್ಯೋಗದೊಡನೆ ಬೆಸೆದುದೇ ಇದರ ಮುಖ್ಯ ಸಾಧನೆ. ತರುವಾಯ ಉಪಾಹಾರಗೃಹವೊಂದು ಕೂಡಿಕೊಂಡಿತು. ಇದೇ ಮಾದರಿಯ ಗೃಹಗಳು ಅಮೆರಿಕದ ಇತರ ನಗರಗಳಲ್ಲಿಯೂ ಸ್ಥಾಪಿತವಾಗಿವೆ.