ಬೆಳಗಾವಿ ಜಿಲ್ಲೆಯ ಗ್ರಾಮೀಣ ಭಾಗದಲ್ಲಿ ಡಿಜಿಟಲ್ ಮತ್ತು ಹಣಕಾಸು ಸಾಕ್ಷರತೆ

ಡಿಜಿಟಲ್ ಮತ್ತು ಹಣಕಾಸು ಸಾಕ್ಷರತೆ ಎಂದರೆ ಬ್ಯಾಂಕ್ ಖಾತೆ, ಸಾಲ, ವಿಮೆ ಹಾಗೂ ಮೊಬೈಲ್ ಮೂಲಕ ನಡೆಯುವ ಹಣದ ವ್ಯವಹಾರವನ್ನು ಪರಾವಲಂಬನೆಯಿಲ್ಲದೆ, ಮೋಸಹೋಗದೆ ನಿರ್ವಹಿಸುವ ತಿಳಿವಳಿಕೆ. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳು ಕೃಷಿಪ್ರಧಾನವಾದವು. ರಾಮದುರ್ಗ ಭಾಗದಲ್ಲಿ ನೇಕಾರಿಕೆಯೂ ಇದೆ. ಸುಗ್ಗಿಯ ಕಾಲದಲ್ಲಿ ಮಾತ್ರ ಹಣ ಕೈಸೇರುವ ಇಂತಹ ಕುಟುಂಬಗಳಿಗೆ ವರ್ಷದ ಲೆಕ್ಕಾಚಾರ ಅತ್ಯಗತ್ಯ.

== ಹಿನ್ನೆಲೆ ==
ಲೇವಾದೇವಿಗಾರರ ಬಡ್ಡಿಯಿಂದ ರೈತರನ್ನು ಬಿಡಿಸುವ ಪ್ರಯತ್ನ ಉತ್ತರ ಕರ್ನಾಟಕದಲ್ಲಿ ಹಳೆಯದು. ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಆರಂಭವಾಯಿತು.

2014ರ ಆಗಸ್ಟ್ 28ರಂದು ಪ್ರಾರಂಭವಾದ ಪ್ರಧಾನಮಂತ್ರಿ ಜನಧನ ಯೋಜನೆಯಿಂದ ಕನಿಷ್ಠ ಠೇವಣಿಯಿಲ್ಲದೆ ಖಾತೆ ತೆರೆಯುವುದು ಸುಲಭವಾಯಿತು. 2016ರಲ್ಲಿ ಯುಪಿಐ ಪಾವತಿ ವ್ಯವಸ್ಥೆ ಬಂದಿತು. ಉದ್ಯೋಗ ಖಾತರಿಯ ಕೂಲಿ, ಪಿಂಚಣಿ ಮತ್ತು 2023ರಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ ಮಾಸಿಕ 2,000 ರೂಪಾಯಿ ನೇರವಾಗಿ ಖಾತೆಗೆ ಜಮೆಯಾಗುತ್ತವೆ. ಖಾತೆಯನ್ನು ಬಳಸಲು ಬಾರದವರು ತಮ್ಮದೇ ಹಣಕ್ಕಾಗಿ ಇತರರನ್ನು ಆಶ್ರಯಿಸಬೇಕಾಗುತ್ತದೆ.

== ತರಬೇತಿ ವ್ಯವಸ್ಥೆ ==
* ಬ್ಯಾಂಕುಗಳ ಹಣಕಾಸು ಸಾಕ್ಷರತಾ ಕೇಂದ್ರಗಳು ಗ್ರಾಮಗಳಲ್ಲಿ ಶಿಬಿರ ನಡೆಸುತ್ತವೆ. ಭಾರತೀಯ ರಿಸರ್ವ್ ಬ್ಯಾಂಕ್ 2017ರಲ್ಲಿ ಸ್ವಯಂಸೇವಾ ಸಂಸ್ಥೆಗಳ ಸಹಭಾಗಿತ್ವದ ಕೇಂದ್ರಗಳ ಯೋಜನೆಯನ್ನೂ ಆರಂಭಿಸಿತು.
* 2017ರಿಂದ 2024ರವರೆಗೆ ನಡೆದ ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನವು ಪ್ರತಿ ಕುಟುಂಬದ 14ರಿಂದ 60 ವರ್ಷದ ಒಬ್ಬ ಸದಸ್ಯರಿಗೆ 20 ಗಂಟೆಗಳ ತರಬೇತಿ ನೀಡುವ ಯೋಜನೆಯಾಗಿತ್ತು.
* ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ರಾಜ್ಯ ಸರ್ಕಾರ ಅರಿವು ಕೇಂದ್ರಗಳೆಂದು ಹೆಸರಿಸಿದೆ. ಗ್ರಾಮ ಡಿಜಿವಿಕಸನ ಕಾರ್ಯಕ್ರಮದ ಮೂಲಕ ಅನೇಕ ಗ್ರಂಥಾಲಯಗಳಿಗೆ ಡಿಜಿಟಲ್ ಉಪಕರಣಗಳನ್ನು ಒದಗಿಸಲಾಗಿದೆ.
* ಮಹಿಳಾ ಸ್ವಸಹಾಯ ಸಂಘಗಳಲ್ಲಿ ಉಳಿತಾಯ, ಸಾಲ ಮತ್ತು ಲೆಕ್ಕಪುಸ್ತಕದ ನಿರ್ವಹಣೆಯೇ ಪ್ರಾಯೋಗಿಕ ಶಿಕ್ಷಣವಾಗುತ್ತದೆ.

== ಮುಖ್ಯ ವಿಷಯಗಳು ==
ಪಾಸ್‌ಬುಕ್ ಓದುವುದು, ಆದಾಯ–ವೆಚ್ಚ ಬರೆದಿಡುವುದು ಮತ್ತು ಬಡ್ಡಿ ಲೆಕ್ಕ ಹಾಕುವುದು ಮೊದಲ ಪಾಠಗಳು. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ ಅಲ್ಪವೆಂದು ತೋರಿದರೂ, ವರ್ಷಕ್ಕೆ ಅದು ಶೇ. 36 ಆಗುತ್ತದೆ. ವಾರ್ಷಿಕ 20 ರೂಪಾಯಿ ಕಂತಿಗೆ 2 ಲಕ್ಷ ರೂಪಾಯಿ ಅಪಘಾತ ವಿಮೆ ನೀಡುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಂತಹ ಸೌಲಭ್ಯಗಳ ಪರಿಚಯವೂ ಇದರಲ್ಲಿ ಸೇರುತ್ತದೆ.

== ಸುರಕ್ಷತೆ ==
ಯುಪಿಐಯಲ್ಲಿ ಹಣ ಪಡೆಯಲು ಪಿನ್ ಅಗತ್ಯವಿಲ್ಲ. ಪಿನ್ ನಮೂದಿಸಿದರೆ ಹಣ ಹೋಗುತ್ತದೆ. ಆಧಾರ್ ಆಧಾರಿತ ಪಾವತಿಯಲ್ಲಿ ಬೆರಳಚ್ಚೇ ಸಹಿಗೆ ಸಮ. ಆದ್ದರಿಂದ ಬೆರಳಿಡುವ ಮೊದಲು ಮೊತ್ತವನ್ನು ಕೇಳಿ, ಅನಂತರ ರಸೀದಿ ಪಡೆಯಬೇಕು. ವಂಚನೆಯಾದರೆ ಕೂಡಲೇ 1930 ಸಹಾಯವಾಣಿಗೆ ಕರೆ ಮಾಡಬೇಕು. ದೂರಿಗೆ ಬ್ಯಾಂಕ್ 30 ದಿನಗಳೊಳಗೆ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು.

== ಸವಾಲುಗಳು ==
ಅನೇಕ ಮನೆಗಳಲ್ಲಿ ಮೊಬೈಲ್ ಪುರುಷರ ಅಥವಾ ಮಕ್ಕಳ ಕೈಯಲ್ಲಿರುವುದರಿಂದ ಮಹಿಳೆಯರಿಗೆ ಅಭ್ಯಾಸದ ಅವಕಾಶ ಕಡಿಮೆ. ವೃದ್ಧರಿಗೆ ಸಣ್ಣ ಅಕ್ಷರಗಳೂ ಇಂಗ್ಲಿಷ್ ಸಂದೇಶಗಳೂ ತೊಡಕಾಗುತ್ತವೆ. ಕಿರುಸಾಲ ವಸೂಲಿಯ ಕಿರುಕುಳವನ್ನು ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿತು. ಆದರೆ ಕರಾರು ಪತ್ರವನ್ನು ಓದಿ ತಿಳಿಯಲಾರದ ಸಾಲಗಾರರಿಗೆ ಕಾನೂನಿನ ರಕ್ಷಣೆಯೂ ಸುಲಭವಾಗಿ ಎಟಕುವುದಿಲ್ಲ.