ಗಡಿನಾಡಿನ ಕುರಿನಾಯಿ : ಹುಟ್ಟುಗುಣವೋ, ಕಲಿತ ವಿದ್ಯೆಯೋ?

‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬುದು ನಮ್ಮಲ್ಲಿ ರೂಢಿಯಲ್ಲಿರುವ ಒಂದು ಗಾದೆ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಎಂಬುದು ಮತ್ತೊಂದು. ಮೊದಲನೆಯದು ಗುಣಕ್ಕೆಲ್ಲ ಹುಟ್ಟನ್ನೇ ಹೊಣೆಯಾಗಿಸುತ್ತದೆ. ಎರಡನೆಯದು ಎಳವೆಯ ಶಿಕ್ಷಣವನ್ನು. ಒಂದೇ ಜಗಲಿಯ ಮೇಲೆ ಕುಳಿತ ಹಿರಿಯರು ಬೆಳಗಿನಲ್ಲಿ ಒಂದನ್ನೂ ಸಂಜೆಯಲ್ಲಿ ಇನ್ನೊಂದನ್ನೂ ಹೇಳುವುದುಂಟು. ಪಾಠಶಾಲೆಯ ಉಪಾಧ್ಯಾಯನಿಗೆ ಮಾತ್ರ ಇವೆರಡರ ತೂಕವನ್ನು ಅರಿಯದೆ ಗತ್ಯಂತರವಿಲ್ಲ. ಹುಟ್ಟೇ ಸಮಸ್ತವಾಗಿದ್ದರೆ ಅವನ ಸೀಮೆಸುಣ್ಣಕ್ಕೆ ಕೆಲಸವಿಲ್ಲ. ಕಲಿಕೆಯೇ ಸಮಸ್ತವಾಗಿದ್ದರೆ ಮಗುವಿನ ಪ್ರತಿಯೊಂದು ಸೋಲೂ ಅವನ ತಲೆಗೇ ಬರಬೇಕು.

ಮನುಷ್ಯರ ವಿಷಯದಲ್ಲಿ ಈ ವ್ಯಾಜ್ಯವನ್ನು ತೀರಿಸುವುದು ಸುಲಭವಲ್ಲ. ಆದರೆ ನಾಯಿಯ ವಿಷಯದಲ್ಲಿ ಚರಿತ್ರೆಯು ಸಾಕಷ್ಟು ಸಾಕ್ಷ್ಯವನ್ನು ಉಳಿಸಿದೆ. ಯಾವ ನಾಯಿಗೆ ಯಾವ ನಾಯಿಯನ್ನು ಕೂಡಿಸಿದರು, ಅದರ ಮರಿ ಏನು ಮಾಡಿತು, ಅದಕ್ಕೆ ಯಾರು ಏನನ್ನು ಕಲಿಸಿದರು ಎಂಬುದನ್ನು ಬರೆದಿಟ್ಟ ಜನರಿದ್ದಾರೆ. ಅಂಥ ಒಂದು ನಾಯಿಯ ಇತಿಹಾಸವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲು ಯತ್ನಿಸುತ್ತೇನೆ. ಅದರ ಹೆಸರು ‘ಬಾರ್ಡರ್ ಕಾಲಿ’, ಎಂದರೆ ಗಡಿನಾಡಿನ ಕುರಿನಾಯಿ. ಗಡಿನಾಡಿನವರಾದ ನಮಗೆ ಆ ಹೆಸರಿನಲ್ಲಿಯೇ ಒಂದು ಆತ್ಮೀಯತೆ ಕಂಡರೆ ಆಶ್ಚರ್ಯವಿಲ್ಲ.

ಈ ಗಡಿ ಇಂಗ್ಲೆಂಡಿಗೂ ಸ್ಕಾಟ್ಲೆಂಡಿಗೂ ನಡುವಣದು. ಅಲ್ಲಿ ಚೆವಿಯಟ್ ಎಂಬ ಬೆಟ್ಟಗಳ ಸಾಲು ಹಬ್ಬಿದೆ. ಮರಗಳು ವಿರಳ, ಹುಲ್ಲು ಹೇರಳ. ನೇಗಿಲಿಗಿಂತ ಕುರಿಗೆ ಒದಗುವ ಭೂಮಿ. ಎರಡು ರಾಜ್ಯಗಳೂ ಶತಮಾನಗಳ ಕಾಲ ಇಲ್ಲಿ ಕಾದಾಡಿದವು. ಇಕ್ಕಡೆಯ ಕುಲಗಳವರು ಪರಸ್ಪರರ ದನಕುರಿಗಳನ್ನು ಕೊಳ್ಳೆಹೊಡೆಯುತ್ತಿದ್ದರು. ೧೬೦೩ರಲ್ಲಿ ಸ್ಕಾಟ್ಲೆಂಡಿನ ಅರಸನಾದ ಆರನೆಯ ಜೇಮ್ಸನೇ ಇಂಗ್ಲೆಂಡಿನ ಸಿಂಹಾಸನವನ್ನೂ ಏರಿದ ತರುವಾಯ ಕೊಳ್ಳೆಯ ಕಾಲವು ಕ್ರಮೇಣ ಮುಗಿದು, ಬೆಟ್ಟಗಳಲ್ಲಿ ಕುರಿಸಾಕಣೆಯು ನೆಮ್ಮದಿಯಿಂದ ಬೆಳೆಯಿತು.

ಆ ದೇಶದ ಕುರಿನಾಯಿಯ ಬಗೆಗೆ ದೊರೆಯುವ ಹಳೆಯ ಬರಹಗಳಲ್ಲಿ ವೈದ್ಯನಾದ ಜಾನ್ ಕೀಸ್ ಎಂಬಾತನು ೧೫೭೦ರಲ್ಲಿ ಪ್ರಕಟಿಸಿದ ಲ್ಯಾಟಿನ್ ಗ್ರಂಥವು ಮುಖ್ಯವಾದುದು. ಬ್ರಿಟನ್ನಿನ ನಾಯಿಗಳನ್ನೆಲ್ಲ ವರ್ಗೀಕರಿಸಿದ ಆತನು ಕುರಿನಾಯಿಯನ್ನು ಕುರಿತು ಎರಡು ಸಂಗತಿಗಳನ್ನು ಗುರುತಿಸುತ್ತಾನೆ. ಒಂದು, ಇಂಗ್ಲೆಂಡಿನಲ್ಲಿ ತೋಳಗಳಿಲ್ಲದಿರುವುದರಿಂದ ಅಲ್ಲಿಯ ಕುರಿನಾಯಿ ದೈತ್ಯಾಕಾರದ್ದಾಗಿರಬೇಕಿಲ್ಲ, ಮಧ್ಯಮ ಗಾತ್ರದ್ದಾದರೆ ಸಾಕು. ಎರಡು, ಬೇರೆ ದೇಶಗಳಲ್ಲಿ ಕುರಿಗಳು ಕುರುಬನ ಹಿಂದೆ ಹೋಗುತ್ತವೆ. ಇಂಗ್ಲೆಂಡಿನಲ್ಲಿ ಕುರುಬನೇ ಕುರಿಗಳ ಹಿಂದೆ ಹೋಗುತ್ತಾನೆ. ಆದುದರಿಂದ ಒಡೆಯನ ಕೂಗಿಗೋ ಸಿಳ್ಳಿಗೋ ಓಗೊಟ್ಟು, ಚದುರಿದ ಕುರಿಗಳನ್ನು ಅವನು ಬಯಸಿದೆಡೆಗೆ ತರುವ ನಾಯಿ ಅಲ್ಲಿ ಅವಶ್ಯವಾಯಿತು.

ಈ ಮಾತಿನ ಬೆಲೆ ನಮ್ಮ ಸೀಮೆಯ ಕುರಿಹಟ್ಟಿಯನ್ನು ನೋಡಿದವರಿಗೆ ಚೆನ್ನಾಗಿ ತಿಳಿಯುತ್ತದೆ. ಜತ್ತ, ಮಂಗಳವೇಢೆ, ಅಕ್ಕಲಕೋಟೆಗಳ ಬಯಲಿನಲ್ಲಿ ಕುರುಬನು ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಮುಂದೆ ನಡೆಯುತ್ತಾನೆ. ಹಿಂಡು ಅವನ ದನಿಯನ್ನು ಅನುಸರಿಸುತ್ತದೆ. ನಮ್ಮ ಬಯಲಿನಲ್ಲಿ ತೋಳವಿದೆ. ಆದುದರಿಂದ ನಮ್ಮ ಹಟ್ಟಿಯ ನಾಯಿಯ ಕೆಲಸ ಕಾವಲು. ಅದು ಕುರಿಗಳ ನಡುವೆ ಮಲಗುತ್ತದೆ, ಇರುಳಿನಲ್ಲಿ ಅಪರಿಚಿತ ವಾಸನೆ ಬಂದರೆ ಬೊಗಳಿ ಮೇಲೆ ಬೀಳುತ್ತದೆ. ಕುರಿಯನ್ನು ದಿಟ್ಟಿಸಿ ಅಟ್ಟುವ ನಾಯಿ ಇಲ್ಲಿ ಇದ್ದಿದ್ದರೆ ಕುರುಬನು ಅದನ್ನು ಹಟ್ಟಿಯಿಂದ ಓಡಿಸುತ್ತಿದ್ದನು. ತೋಳವಿರುವ ನಾಡು ಒಂದು ಬಗೆಯ ನಾಯಿಯನ್ನು ಆರಿಸಿತು. ತೋಳವಿಲ್ಲದ ನಾಡು ಇನ್ನೊಂದು ಬಗೆಯದನ್ನು ಆರಿಸಿತು. ಆರಿಸಿದವರು ಯಾವ ಶಾಸ್ತ್ರವನ್ನೂ ಓದಿದವರಲ್ಲ. ಕೆಲಸಕ್ಕೆ ಬಂದ ನಾಯಿಯ ಮರಿಗಳನ್ನು ಉಳಿಸಿಕೊಂಡರು, ಬಾರದುದರ ಮರಿಗಳನ್ನು ಬಿಟ್ಟರು, ಅಷ್ಟೇ.

ಇನ್ನು ಕಲಿಕೆಯ ಕಡೆಗೆ ಬರೋಣ. ಸ್ಕಾಟ್ಲೆಂಡಿನ ಗಡಿಸೀಮೆಯಾದ ಎಟ್ರಿಕ್‌ನಲ್ಲಿ ಹುಟ್ಟಿ, ಕುರುಬನಾಗಿದ್ದುಕೊಂಡೇ ಕವಿಯೆಂದು ಹೆಸರಾದ ಜೇಮ್ಸ್ ಹಾಗ್ (೧೭೭೦–೧೮೩೫) ತನ್ನ ನಾಯಿ ‘ಸಿರ‍್ರಾ’ದ ವೃತ್ತಾಂತವನ್ನು ಬರೆದಿದ್ದಾನೆ. ದನದ ವ್ಯಾಪಾರಿಯೊಬ್ಬನು ಹಗ್ಗ ಕಟ್ಟಿ ಎಳೆದೊಯ್ಯುತ್ತಿದ್ದ ಆ ಬಡಕಲು ನಾಯಿಯನ್ನು ಅವನು ಒಂದು ಗಿನಿ ಕೊಟ್ಟು ಕೊಂಡನು. ಆಗ ಅದಕ್ಕೆ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಒಂದು ಕುರಿಯನ್ನಾದರೂ ತಿರುಗಿಸಿದ್ದುದಿಲ್ಲ. ಆದರೆ ಇದು ತನ್ನ ಕರ್ತವ್ಯವೆಂದು, ಇದರಿಂದ ಒಡೆಯನಿಗೆ ಸಂತೋಷವೆಂದು ತಿಳಿದೊಡನೆ ಅದು ಅತ್ಯಾತುರದಿಂದ ಕಲಿತುಕೊಂಡಿತಂತೆ. ಒಮ್ಮೆ ತಾಯಿಯಿಂದ ಬೇರ್ಪಡಿಸಿದ ಸುಮಾರು ೭೦೦ ಕುರಿಮರಿಗಳು ನಡುರಾತ್ರಿಯಲ್ಲಿ ಚದುರಿ ಮೂರು ಗುಂಪುಗಳಾಗಿ ಬೆಟ್ಟ ಹತ್ತಿದವು. ಕತ್ತಲೆಯಲ್ಲಿ ನಾಯಿಯೂ ಮಾಯವಾಯಿತು. ಹಾಗ್ ಮತ್ತು ಅವನ ಜೊತೆಗಾರ ರಾತ್ರಿಯೆಲ್ಲ ಹುಡುಕಿ ಸೋತರು. ಸೂರ್ಯೋದಯದ ಹೊತ್ತಿಗೆ ಒಂದು ಆಳವಾದ ಕಣಿವೆಯ ತಳದಲ್ಲಿ ಮರಿಗಳೆಲ್ಲ ಒಟ್ಟಾಗಿದ್ದವು. ಸಿರ‍್ರಾ ಅವುಗಳ ಮುಂದೆ ಕಾವಲು ನಿಂತಿತ್ತು. ಎಣಿಸಿದಾಗ ಒಂದು ಮರಿಯೂ ಕಡಿಮೆಯಿರಲಿಲ್ಲ.

ಈ ಕತೆಯನ್ನು ಹುಟ್ಟಿನ ಪಕ್ಷದವರೂ ಕಲಿಕೆಯ ಪಕ್ಷದವರೂ ತಮ್ಮ ಕಡೆಗೆ ಎಳೆದುಕೊಳ್ಳಬಹುದು. ವರ್ಷದವರೆಗೆ ಕುರಿಯನ್ನೇ ಕಾಯದ ನಾಯಿ ಅಷ್ಟು ಬೇಗ ಕಲಿತದ್ದು ರಕ್ತದಲ್ಲಿ ಏನೋ ಇದ್ದುದರಿಂದ. ಆದರೆ ಆ ವ್ಯಾಪಾರಿಯ ಹಗ್ಗದಲ್ಲಿಯೇ ಅದು ಉಳಿದಿದ್ದರೆ ರಕ್ತದಲ್ಲಿದ್ದುದು ಯಾರಿಗೂ ತಿಳಿಯುತ್ತಿರಲಿಲ್ಲ.

ಮುಂದಿನ ಶತಮಾನದ ಉತ್ತರಾರ್ಧದಲ್ಲಿ ಈ ವಂಶವು ಕವಲೊಡೆಯಿತು. ವಿಕ್ಟೋರಿಯಾ ರಾಣಿಯು ಸ್ಕಾಟ್ಲೆಂಡಿನ ತನ್ನ ಅರಮನೆಯಲ್ಲಿ ಕಾಲಿ ನಾಯಿಗಳನ್ನು ಸಾಕತೊಡಗಲು, ಕುರುಬನ ನಾಯಿ ಸಿರಿವಂತರ ದಿವಾನಖಾನೆಯನ್ನು ಪ್ರವೇಶಿಸಿತು. ೧೮೭೩ನೆಯ ವರ್ಷವು ಇಲ್ಲಿ ಗಮನಾರ್ಹ. ಆ ವರ್ಷ ಲಂಡನ್ನಿನಲ್ಲಿ ‘ಕೆನಲ್ ಕ್ಲಬ್’ ಸ್ಥಾಪಿತವಾಗಿ, ನಾಯಿಗಳ ರೂಪ ಲಕ್ಷಣಗಳನ್ನು ನೋಡಿ ಬಹುಮಾನ ಕೊಡುವ ಪ್ರದರ್ಶನಗಳಿಗೆ ವ್ಯವಸ್ಥೆ ಏರ್ಪಟ್ಟಿತು. ಅದೇ ವರ್ಷದ ಅಕ್ಟೋಬರಿನಲ್ಲಿ ವೇಲ್ಸ್ ದೇಶದ ಬಾಲಾ ಎಂಬ ಊರಿನಲ್ಲಿ ಕುರಿನಾಯಿಗಳ ಕೆಲಸವನ್ನೇ ಪರೀಕ್ಷಿಸುವ ಸ್ಪರ್ಧೆ ನಡೆಯಿತು. ಅದರಲ್ಲಿ ಗೆದ್ದದ್ದು ವೇಲ್ಸಿನಲ್ಲಿ ನೆಲೆಸಿದ್ದ ಸ್ಕಾಟ್ಲೆಂಡಿನವನೊಬ್ಬನ ‘ಟ್ವೀಡ್’ ಎಂಬ ನಾಯಿ.

ಮೂಲವು ಒಂದೇ, ಪರೀಕ್ಷೆಗಳು ಎರಡು. ಪ್ರದರ್ಶನಕ್ಕೆಂದು ಬೆಳೆಸಿದ ಕಾಲಿಗೆ ನೀಳವಾದ ಮೂತಿಯೂ ದಟ್ಟವಾದ ಕೂದಲೂ ಬಂದವು. ತಲೆಮಾರುಗಳು ಕಳೆದಂತೆ ಕುರಿ ತಿರುಗಿಸುವ ಚತುರತೆ ಅದರಲ್ಲಿ ಕುಂದಿತು. ಬೆಟ್ಟದಲ್ಲಿ ಪರೀಕ್ಷೆಗೊಳಗಾದ ನಾಯಿಯ ಬಣ್ಣ, ಕಿವಿ, ಕೂದಲುಗಳು ಹೇಗೆ ಬಂದರೆ ಹಾಗೆ. ಕೆಲಸ ಮಾತ್ರ ಹರಿತವಾಯಿತು. ನಾವು ಯಾವುದನ್ನು ಪರೀಕ್ಷಿಸುತ್ತೇವೆಯೋ ಅದು ಬೆಳೆಯುತ್ತದೆ, ಪರೀಕ್ಷಿಸದೆ ಬಿಟ್ಟದ್ದು ಮೆಲ್ಲನೆ ಸವೆಯುತ್ತದೆ. ಪ್ರಶ್ನಪತ್ರಿಕೆಯನ್ನು ತಯಾರಿಸುವ ನಮ್ಮ ವೃತ್ತಿಯವರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಗಡಿಯ ನಾರ್ಥಂಬರ್ಲೆಂಡಿನಲ್ಲಿ ಆಡಂ ಟೆಲ್ಫರ್ ಎಂಬ ರೈತನಿದ್ದನು. ಅವನಲ್ಲಿದ್ದ ‘ರಾಯ್’ ಸ್ನೇಹಶೀಲವಾದ ಗಂಡು ನಾಯಿ. ಆದರೆ ಅದರ ನೋಟದಲ್ಲಿ ಕುರಿಗಳನ್ನು ಹಿಡಿದಿಡುವ ಶಕ್ತಿ ಕಡಿಮೆ. ‘ಮೆಗ್’ ಸಂಕೋಚದ ಹೆಣ್ಣು ನಾಯಿ. ಅದರ ದಿಟ್ಟಿಯೋ ಅತಿಯಾಗಿ ಬಲವಾದುದು. ಇವೆರಡಕ್ಕೆ ೧೮೯೩ರಲ್ಲಿ ಹುಟ್ಟಿದ ‘ಹೆಂಪ್’ ಎಂಬ ಮರಿಯಲ್ಲಿ ಎರಡರ ಗುಣಗಳೂ ಹದವಾಗಿ ಬೆರೆತವು. ಅದು ಬೊಗಳದೆ, ಕಚ್ಚದೆ, ಮೌನವಾಗಿ ಬಾಗಿ ನಡೆದು ಬರಿಯ ನೋಟದಿಂದಲೇ ಕುರಿಗಳನ್ನು ಸರಿಸುತ್ತಿತ್ತು. ೧೯೦೧ರಲ್ಲಿ ಸಾಯುವ ಮೊದಲು ಹೆಂಪ್ ಸುಮಾರು ೨೦೦ ಮರಿಗಳಿಗೆ ತಂದೆಯಾಯಿತು. ಇಂದಿನ ಬಾರ್ಡರ್ ಕಾಲಿಗಳ ವಂಶವೃಕ್ಷವನ್ನು ಹಿಂದಕ್ಕೆ ಹಿಡಿದು ಹೋದರೆ ಬಹುತೇಕ ಎಲ್ಲವೂ ಅದನ್ನೇ ಮುಟ್ಟುತ್ತವೆ. ೧೯೦೬ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಕುರಿನಾಯಿ ಸಂಘವು ಇವುಗಳ ವಂಶಾವಳಿಯನ್ನು ಬರೆದಿಡುತ್ತಾ ಬಂದಿದೆ. ತಂದೆತಾಯಿಗಳ ದಾಖಲೆಯಿಲ್ಲದ ನಾಯಿಯೂ ಕೆಲಸದಲ್ಲಿ ಯೋಗ್ಯತೆಯನ್ನು ತೋರಿದರೆ ಆ ಪುಸ್ತಕದಲ್ಲಿ ಹೆಸರು ಪಡೆಯಬಹುದೆಂಬ ನಿಯಮವನ್ನು ಸಂಘವು ಇಟ್ಟುಕೊಂಡಿದೆ. ವಂಶವನ್ನೇ ಬರೆಯುವ ಪುಸ್ತಕದಲ್ಲಿ ಇಂಥದೊಂದು ಬಾಗಿಲು ತೆರೆದಿರುವುದು ಮೆಚ್ಚತಕ್ಕ ವಿಷಯ.

ಹುಟ್ಟಿನಿಂದ ಬರುವುದು ಎಷ್ಟು? ತೋಳವು ಬೇಟೆಯಲ್ಲಿ ಮೊದಲು ದಿಟ್ಟಿಸುತ್ತದೆ, ಹೊಂಚಿ ಸಾಗುತ್ತದೆ, ಅಟ್ಟುತ್ತದೆ, ಕಚ್ಚಿ ಹಿಡಿಯುತ್ತದೆ, ಕೊಲ್ಲುತ್ತದೆ. ಕುರಿನಾಯಿಯಲ್ಲಿ ಮೊದಲ ಮೂರು ಹೆಜ್ಜೆಗಳು ಬಲಗೊಂಡಿವೆ, ಕೊನೆಯವು ಕುಗ್ಗಿವೆ. ಹಿಂಡನ್ನು ಕಂಡ ಎಳೆಯ ನಾಯಿ ಯಾರೂ ಹೇಳಿಕೊಡದೆಯೇ ಅದನ್ನು ಸುತ್ತುವರಿದು, ಕುರುಬನಿಗೆ ಎದುರು ದಿಕ್ಕಿನಲ್ಲಿ ನಿಂತು, ಕುರಿಗಳನ್ನು ಅವನತ್ತ ತರಲು ಹವಣಿಸುತ್ತದೆ. ಚಾರ್ಲ್ಸ್ ಡಾರ್ವಿನ್ನನು ೧೮೫೯ರ ತನ್ನ ಪ್ರಸಿದ್ಧ ಗ್ರಂಥದಲ್ಲಿ, ಹಿಂಡಿನ ಮೇಲೆ ಎರಗದೆ ಅದನ್ನು ಸುತ್ತಿ ಓಡುವ ಈ ಪ್ರವೃತ್ತಿಯನ್ನು ವಂಶದಿಂದ ಬರುವ ಗುಣಕ್ಕೆ ಉದಾಹರಣೆಯಾಗಿ ಕೊಟ್ಟನು.

ಕಲಿಕೆಯಿಂದ ಬರುವುದು ಎಷ್ಟು? ಎಡಗಡೆಯಿಂದ ಬಳಸಿ ಬಾ, ಬಲಗಡೆಯಿಂದ ಬಳಸಿ ಬಾ, ಮಲಗು, ಮುಂದೆ ನಡೆ, ಸಾಕು ಹಿಂದಿರುಗು ಎಂಬ ಆಜ್ಞೆಗಳನ್ನು ಮಾತಿನಿಂದಲೂ ಸಿಳ್ಳಿನಿಂದಲೂ ಕಲಿಸಬೇಕು. ಕುರಿಗಳನ್ನು ಒಡೆಯನತ್ತ ತರುವುದು ನಾಯಿಗೆ ಸಹಜ. ಅವನಿಂದ ದೂರಕ್ಕೆ ಒಯ್ಯುವುದು ಅಸಹಜ. ಆದುದರಿಂದ ಮೊದಲನೆಯದನ್ನು ಕಲಿಸಿ ಗಟ್ಟಿಮಾಡಿದ ಮೇಲೆಯೇ ಎರಡನೆಯದಕ್ಕೆ ಕೈಹಾಕುತ್ತಾರೆ. ಕುರಿಗಿಂತ ವೇಗವಾಗಿ ಓಡುವಷ್ಟು ಬೆಳೆಯುವ ತನಕ ಮರಿಯನ್ನು ಹಿಂಡಿನ ಮೇಲೆ ಬಿಡುವುದಿಲ್ಲ. ಎಳೆಯದರಲ್ಲಿ ಸೋತು ಹೆದರಿದ ನಾಯಿಯ ಧೈರ್ಯವನ್ನು ಮರಳಿ ತರುವುದು ಕಷ್ಟ. ನಮ್ಮ ತರಬೇತಿ ಶಾಲೆಗಳಲ್ಲಿ ‘ತಿಳಿದುದರಿಂದ ತಿಳಿಯದುದಕ್ಕೆ’ ಎಂದು ಬೋಧಿಸುವ ಸೂತ್ರವನ್ನು ಆ ಕುರುಬರು ಬೆಟ್ಟದ ಮೇಲೆ ತಾವಾಗಿಯೇ ಕಂಡುಕೊಂಡರು.

ಇಪ್ಪತ್ತನೆಯ ಶತಮಾನದಲ್ಲಿ ವಿಜ್ಞಾನಿಗಳು ಇದನ್ನೇ ಅಳೆದು ನೋಡಿದರು. ಅಮೆರಿಕೆಯ ಬಾರ್ ಹಾರ್ಬರ್‌ನಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಐದು ತಳಿಗಳ ನಾಯಿಗಳನ್ನು ಅನೇಕ ವರ್ಷ ಪರೀಕ್ಷಿಸಿ ೧೯೬೫ರಲ್ಲಿ ಗ್ರಂಥ ಪ್ರಕಟಿಸಿದರು. ತಳಿಗಳಲ್ಲಿ ಭೇದವಿರುವುದು ನಿಜವೆಂದು ಅವರು ಕಂಡರು. ಅದರೊಡನೆ ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗಿನ ಅವಧಿಯು ಮರಿಯ ಜೀವಿತದಲ್ಲಿ ನಿರ್ಣಾಯಕವೆಂದೂ, ಆಗ ಮನುಷ್ಯನ ಒಡನಾಟವೇ ದೊರೆಯದ ಮರಿ ಎಷ್ಟೇ ಒಳ್ಳೆಯ ವಂಶದ್ದಾದರೂ ಅಂಜುಬುರುಕವಾಗುವುದೆಂದೂ ತಿಳಿದುಬಂದಿತು. ಇನ್ನು ೨೦೨೨ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ೧೮ ಸಾವಿರಕ್ಕೂ ಮಿಕ್ಕ ನಾಯಿಗಳ ಸ್ವಭಾವವನ್ನು ಒಡೆಯರಿಂದ ಕೇಳಿ ತಿಳಿದರು. ಒಂದು ನಾಯಿಗೂ ಇನ್ನೊಂದಕ್ಕೂ ಇರುವ ನಡತೆಯ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದುದು ಸುಮಾರು ನೂರಕ್ಕೆ ಒಂಬತ್ತು ಪಾಲು ಮಾತ್ರವೆಂದು ಕಂಡುಬಂತು. ಮನುಷ್ಯನ ಮಾತಿಗೆ ಓಗೊಡುವಂಥ ಕೆಲವು ಗುಣಗಳಲ್ಲಿ ತಳಿಯ ಪಾಲು ಇದಕ್ಕಿಂತ ಹೆಚ್ಚು. ವಂಶಕ್ಕೆ ಬೆಲೆಯಿಲ್ಲವೆಂದು ಇದರರ್ಥವಲ್ಲ. ತಳಿಯ ಹೆಸರೊಂದನ್ನೇ ಕೇಳಿ ಎದುರಿಗಿರುವ ನಾಯಿಯ ಸ್ವಭಾವವನ್ನು ನಿರ್ಧರಿಸಲಾಗದೆಂಬುದೇ ಅರ್ಥ.

ಕಲಿಕೆ ಎಷ್ಟು ದೂರ ಕೊಂಡೊಯ್ಯಬಲ್ಲುದೆಂಬುದಕ್ಕೂ ಈ ತಳಿಯಲ್ಲಿಯೇ ನಿದರ್ಶನವಿದೆ. ಅಮೆರಿಕೆಯ ಮನಶ್ಶಾಸ್ತ್ರಜ್ಞ ಜಾನ್ ಪಿಲ್ಲಿ ತನ್ನ ‘ಚೇಸರ್’ ಎಂಬ ಬಾರ್ಡರ್ ಕಾಲಿಗೆ ಮೂರು ವರ್ಷ ನಿತ್ಯವೂ ತಾಸುಗಟ್ಟಲೆ ಪಾಠ ಹೇಳಿ, ೧೦೨೨ ವಸ್ತುಗಳ ಹೆಸರುಗಳನ್ನು ಕಲಿಸಿದ ವಿಷಯವು ೨೦೧೧ರಲ್ಲಿ ಪ್ರಕಟವಾಯಿತು. ಇದಕ್ಕೆ ವಿರುದ್ಧವಾಗಿ, ಕೆಲಸವಿಲ್ಲದೆ ಪಟ್ಟಣದ ಮನೆಯಲ್ಲಿ ಕಟ್ಟಿಹಾಕಿದ ಕುರಿನಾಯಿ ಬೈಸಿಕಲ್ಲುಗಳನ್ನೂ ಆಡುವ ಮಕ್ಕಳನ್ನೂ ಅಟ್ಟುವುದುಂಟು. ಜನರು ಅದನ್ನು ದುಷ್ಟವೆನ್ನುತ್ತಾರೆ. ಹಿಂಡು ದೊರೆಯದ ವಿದ್ಯೆ ಅದು.

ನಮಗೆ ಸಮೀಪದ ಮುಧೋಳದ ನಾಯಿಯ ಮಾತೂ ಇಲ್ಲಿ ಪ್ರಸ್ತುತ. ಮೊಲವನ್ನು ಕಣ್ಣಿನಿಂದ ಗುರುತಿಸಿ ಓಟದಲ್ಲಿ ಹಿಡಿಯುವ ಈ ತೆಳುಮೈಯ ನಾಯಿಯನ್ನು ಬೇಡರು ಸಾಕಿಕೊಂಡು ಬಂದಿದ್ದರು. ಮುಧೋಳದ ಅರಸರಾದ ಮಾಲೋಜಿರಾವ್ ಘೋರ್ಪಡೆಯವರು ಅದರ ತಳಿಯನ್ನು ಕಾಪಾಡಿದರು. ೨೦೦೫ರಲ್ಲಿ ಭಾರತದ ಅಂಚೆ ಇಲಾಖೆಯು ಅದರ ಚಿತ್ರದ ಚೀಟಿಯನ್ನು ಹೊರಡಿಸಿತು. ೨೦೧೬ರಲ್ಲಿ ಸೇನೆಯು ಅದರ ಮರಿಗಳನ್ನು ಮೀರತ್ತಿನ ತನ್ನ ಕೇಂದ್ರದಲ್ಲಿ ತರಬೇತಿಗೆ ತೆಗೆದುಕೊಂಡಿತು. ಬೇಡರ ಬೇಟೆನಾಯಿಗೆ ಸಿಪಾಯಿಯ ವಿದ್ಯೆಯನ್ನು ಕಲಿಸಿನೋಡಲು ಯಾರೋ ಮನಸ್ಸು ಮಾಡಬೇಕಾಯಿತು.

ಕಡೆಗೆ ಒಂದು ಎಚ್ಚರಿಕೆಯ ಮಾತು. ನಾಯಿಯ ಈ ಲೆಕ್ಕವನ್ನು ಮನುಷ್ಯರ ಮಕ್ಕಳಿಗೆ ಹಚ್ಚಲು ಹೊರಡುವವರಿದ್ದಾರೆ. ದೀಪಾವಳಿಯ ನಂತರ ಹಿಂಡಿನೊಡನೆ ಊರು ಬಿಟ್ಟು ಹೋಗುವ ಹುಡುಗನ ಹೆಸರನ್ನು ಹಾಜರಿ ಪುಸ್ತಕದಿಂದ ತೆಗೆಯುವಾಗ ‘ಕುರುಬರ ಹುಡುಗ, ಅವನಿಗೆ ಕುರಿಯೇ ಗತಿ’ ಎಂದು ಸಲೀಸಾಗಿ ನುಡಿಯುವವರನ್ನು ನಾನು ಕೇಳಿದ್ದೇನೆ. ಇದಕ್ಕೆ ನಾಯಿಯ ಚರಿತ್ರೆಯಿಂದ ಆಧಾರ ದೊರೆಯದು. ಕುರಿನಾಯಿಯ ಗುಣವು ನೆಲೆಗೊಂಡದ್ದು ಪ್ರತಿ ತಲೆಮಾರಿನಲ್ಲೂ ಒಡೆಯನೊಬ್ಬನು ಒಂದೇ ಕೆಲಸವನ್ನು ಲಕ್ಷ್ಯದಲ್ಲಿಟ್ಟು ತಂದೆತಾಯಿಗಳನ್ನು ಆರಿಸಿದ್ದರಿಂದ. ಮನುಷ್ಯರನ್ನು ಹಾಗೆ ಆರಿಸಿ ಬೆಳೆಸಿದವರು ಯಾರೂ ಇಲ್ಲ. ಕುಲದ ಕಸುಬು ಮಗನಿಗೆ ಬರುವುದು ತಂದೆಯ ಜೊತೆಯಲ್ಲಿ ನಡೆದು ಕಲಿತದ್ದರಿಂದ. ಅದು ರಕ್ತದ ಪಾಠವಲ್ಲ, ಒಡನಾಟದ ಪಾಠ. ಅಷ್ಟೊಂದು ಕುರಿಗಳನ್ನು ಮುಖ ನೋಡಿ ಗುರುತಿಸುವ ಹುಡುಗನಿಗೆ ವರ್ಣಮಾಲೆಯ ಅಕ್ಷರಗಳನ್ನು ಗುರುತಿಸುವುದು ಹೊರೆಯೇ?

ತಳಿಯನ್ನೇ ನಂಬಿದ ಆ ಗಡಿನಾಡಿನ ಕುರುಬರು ಸಹ ಒಳ್ಳೆಯ ವಂಶದ ಮರಿಯನ್ನು ಕಲಿಸದೆ ಬಿಡಲಿಲ್ಲ. ವಂಶ ತಿಳಿಯದ ನಾಯಿಯನ್ನು ಪರೀಕ್ಷಿಸದೆ ಹೊರಗಟ್ಟಲಿಲ್ಲ. ಚಳಿಗಾಲ ಕಳೆದು ಹಿಂಡುಗಳು ಹಿಂದಿರುಗಿದಾಗ ಆ ಹುಡುಗನು ಶಾಲೆಯ ಬಾಗಿಲಿಗೆ ಬಂದರೆ, ಅವನ ಹೆಸರನ್ನು ಮತ್ತೆ ಬರೆದುಕೊಂಡು, ಬಿಟ್ಟುಹೋದ ಪಾಠದಿಂದಲೇ ಆರಂಭಿಸುವುದು ನಮ್ಮ ಕರ್ತವ್ಯ.